ರಾತ್ರಿ ಎರಡಕ್ಕೆ ಬರುವ ಫೋನು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಶನಿವಾರ, ಭಾನುವಾರಗಳಿಗೆ ಏನನ್ನೂ ಖಚಿತವಾಗಿ ಗೊತ್ತುಮಾಡುವುದಿಲ್ಲ. ಯಾರಾದರೂ ಊಟಕ್ಕೆ ಕರೆದರೆ ನನ್ನಾಕೆ, "ಬರ್ತೀವ್ರಿ, ಇವರ ಫೋನ್ ಬರದಿದ್ರ" ಎನ್ನುತ್ತಾಳೆ. ಹೊಸಬರಿಗೆ ಅದು ಅರ್ಥವಾಗುವುದಿಲ್ಲ. ನಾನು ಡಾಕ್ಟರೂ ಅಲ್ಲ, ಪೊಲೀಸನೂ ಅಲ್ಲ. ಪುಣೆ ಪಕ್ಕದ ಚಾಕಣದಲ್ಲಿ ವಾಹನದ ಬಿಡಿಭಾಗಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ಧಾರವಾಡ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿ ಹದಿನಾರು ವರ್ಷವಾಯಿತು. ಅದರಲ್ಲಿ ಹನ್ನೆರಡು ಮಳೆಗಾಲಗಳನ್ನು ಸಹ್ಯಾದ್ರಿಯ ಕೋಟೆ, ಕಣಿವೆಗಳಲ್ಲಿ ಕಳೆದುಹೋದವರನ್ನು ಹುಡುಕುವ ಒಂದು ಸ್ವಯಂಸೇವಕರ ತಂಡದೊಂದಿಗೆ ಕಳೆದಿದ್ದೇನೆ.

ಫೋನು ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಎರಡರ ನಡುವೆ ಬರುತ್ತದೆ. ಅದಕ್ಕೊಂದು ಲೆಕ್ಕವಿದೆ. ದಾರಿ ತಪ್ಪಿದವರು ಸಂಜೆ ಏಳರವರೆಗೆ ದಾರಿ ತಪ್ಪಿದೆ ಎಂದು ಒಪ್ಪುವುದೇ ಇಲ್ಲ. ಎಂಟಕ್ಕೆ ಕತ್ತಲಾಗಿ ಗಾಬರಿಯಾಗುತ್ತದೆ, ಒಂಬತ್ತಕ್ಕೆ ಮನೆಯವರು ಫೋನ್ ಮೇಲೆ ಫೋನ್ ಮಾಡುತ್ತಾರೆ, ಹತ್ತಕ್ಕೆ ಪೊಲೀಸ್ ಠಾಣೆ. ಅಲ್ಲಿಂದ ಸುದ್ದಿ ನಮಗೆ ಬರುತ್ತದೆ. ಕೋಟೆಯ ಹೆಸರು, ಎಷ್ಟು ಜನ, ಕೊನೆಯ ಬಾರಿ ಮಾತಾಡಿದ್ದು ಎಷ್ಟು ಹೊತ್ತಿಗೆ, ಫೋನಿನಲ್ಲಿ ಎಷ್ಟು ಚಾರ್ಜ್ ಉಳಿದಿದೆ. ಕೊನೆಯ ಪ್ರಶ್ನೆ ಬಹಳ ಮುಖ್ಯ.

ಪುಣೆ, ಮುಂಬೈಗಳ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿನ ಲಕ್ಷಾಂತರ ಕಂಪ್ಯೂಟರ್ ಹುಡುಗ, ಹುಡುಗಿಯರಿಗೆ ಮಳೆಗಾಲ ಎಂದರೆ ಲೋಹಗಡ, ವಿಸಾಪುರ, ರಾಜಮಾಚಿ, ಹರಿಶ್ಚಂದ್ರಗಡ, ತಾಮ್ಹಿಣಿ ಘಾಟ್. ಬೆಂಗಳೂರಿನವರಿಗೆ ನಂದಿಬೆಟ್ಟ ಇದ್ದ ಹಾಗೆ. ಆದರೆ ಇಲ್ಲಿ ಮಂಜು ಇಳಿದರೆ ಮುಂದಿನ ಹೆಜ್ಜೆ ಕಾಣುವುದಿಲ್ಲ, ಪಕ್ಕದಲ್ಲಿ ಸಾವಿರ ಅಡಿಯ ಪ್ರಪಾತವಿರಬಹುದು. ಇಂಥ ಕರೆಗಳಿಗಾಗಿಯೇ ಬೇರೆಬೇರೆ ಪರ್ವತಾರೋಹಣ ಕ್ಲಬ್ಬುಗಳ ಸ್ವಯಂಸೇವಕರನ್ನು ಒಂದುಗೂಡಿಸುವ ಮಹಾರಾಷ್ಟ್ರ ಮೌಂಟೇನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್ ಎಂಬ ವ್ಯವಸ್ಥೆ ಇದೆ. ಲೋಣಾವಳದಲ್ಲಿ ಶಿವದುರ್ಗ ಮಿತ್ರದಂಥ ಹಳೆಯ ಸಂಸ್ಥೆ ಇದೆ. ಎನ್‌ಡಿಆರ್‌ಎಫ್‌ನ 5ನೇ ಬೆಟಾಲಿಯನ್ ಇರುವುದೂ ಪುಣೆ ಹತ್ತಿರದ ಸುದುಂಬರೆಯಲ್ಲೇ. ಆದರೂ ಎಲ್ಲರಿಗಿಂತ ಮೊದಲು ಮುಟ್ಟುವವರು ಆಯಾ ಹಳ್ಳಿಯ ಜನ, ಚಪ್ಪಲಿ ಕೂಡ ಇಲ್ಲದ ಕಾಲಿನಲ್ಲಿ. ನಮ್ಮ ಹತ್ತಿರ ಹಗ್ಗ, ಹಾರ್ನೆಸ್, ಸ್ಟ್ರೆಚರ್ ಇರುತ್ತವೆ. ದಾರಿ ಗೊತ್ತಿರುವುದು ಅವರಿಗೆ.

ಹಲವು ಕರೆಗಳು ಫೋನಿನಲ್ಲೇ ಮುಗಿಯುತ್ತವೆ. "ಇದ್ದಲ್ಲೇ ಇರಿ, ಕೆಳಗೆ ಇಳಿಯಬೇಡಿ, ಲೊಕೇಶನ್ ಕಳಿಸಿ, ಒಂದು ಫೋನ್ ಬಿಟ್ಟು ಉಳಿದವನ್ನೆಲ್ಲ ಆಫ್ ಮಾಡಿ." ಇಷ್ಟನ್ನು ಕೇಳಿದವರು ಬೆಳಿಗ್ಗೆ ಚಹಾ ಕುಡಿಯುತ್ತಾರೆ. ಕೇಳದೆ, ಹಳ್ಳದ ಗುಂಟ ಇಳಿದರೆ ಊರು ಸಿಗುತ್ತದೆಂದು ಇಳಿದವರನ್ನು ನಾವು ಹೊತ್ತು ತರುತ್ತೇವೆ. ಸಹ್ಯಾದ್ರಿಯ ಹಳ್ಳಗಳು ಊರಿಗೆ ಹೋಗುವ ಮೊದಲು ಜಲಪಾತಕ್ಕೆ ಹೋಗುತ್ತವೆ.

ಸ್ಟ್ರೆಚರ್ ಹೊರುವುದನ್ನು ಸಿನಿಮಾದಲ್ಲಿ ನೋಡಿದವರಿಗೆ ಅದರ ಭಾರ ಗೊತ್ತಾಗುವುದಿಲ್ಲ. ಒಮ್ಮೆಗೆ ಆರು ಜನ ಹಿಡಿಯಬೇಕು. ಹತ್ತು ಹದಿನೈದು ನಿಮಿಷಕ್ಕೆ ಭುಜ ಬಿದ್ದುಹೋಗುತ್ತದೆ, ಇನ್ನು ಆರು ಜನ ಬರಬೇಕು. ಮುಂದೆ ಒಬ್ಬ ದಾರಿ ನೋಡುವವ, ಹಿಂದೆ ಹಗ್ಗ ಹಿಡಿದು ತಡೆಯುವವರು. ಬರಿಗೈಯಲ್ಲಿ ಒಂದು ಗಂಟೆಗೆ ಇಳಿಯುವ ದಾರಿ ಸ್ಟ್ರೆಚರ್ ಇದ್ದರೆ ನಾಲ್ಕೈದು ಗಂಟೆ. ಕಾಲು ಮುರಿದ ಮನುಷ್ಯ ಪ್ರತಿ ಕಲ್ಲಿಗೂ ಕೂಗುತ್ತಾನೆ. ನಿಜ ಹೇಳಬೇಕೆಂದರೆ ಆ ಕೂಗು ನಮಗೆ ಸಮಾಧಾನ. ಕೂಗುವವನು ಬದುಕಿದ್ದಾನೆ.

ಹೆಜ್ಜೇನಿನ ಕರೆಗಳು ಬೇರೆಯೇ. ಕೋಟೆಯ ಬಂಡೆಗಳಿಗೆ ದೊಡ್ಡ ದೊಡ್ಡ ಹುಟ್ಟುಗಳು ನೇತಾಡುತ್ತಿರುತ್ತವೆ. ಯಾರೋ ಸಿಗರೇಟ್ ಹಚ್ಚುತ್ತಾರೆ, ಇಲ್ಲವೇ ಒಲೆ ಹೂಡುತ್ತಾರೆ. ಓಡಿದವರು ಪ್ರಪಾತ ನೋಡುವುದಿಲ್ಲ. ನಮ್ಮ ತಂಡದ ಒಬ್ಬ ಹಿರಿಯರ ಮೈಯಿಂದ ಒಮ್ಮೆ ನಾವು ಅರವತ್ತಕ್ಕೂ ಹೆಚ್ಚು ಮುಳ್ಳು ಕಿತ್ತೆವು. ಮುಂದಿನ ವಾರ ಅವರು ಮತ್ತೆ ಬಂದರು.

ಇಷ್ಟೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದವರಿಗೆ ಮೊದಲೆಲ್ಲ 'ಸೇವೆ' ಎಂದು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಖುಷಿ ಸಿಗುತ್ತದೆ, ಅದಕ್ಕೆ ಹೋಗುತ್ತೇನೆ. ಆಫೀಸಿನಲ್ಲಿ ನಾನು ಬರೆದ ಒಂದು ಚಿಕ್ಕ ಬ್ರಾಕೆಟ್ ಗಾಡಿಗೆ ಕೂರಲು ಮೂರು ವರ್ಷ ಬೇಕು. ಅದರ ನಡುವೆ ನೂರು ಮೀಟಿಂಗು. ಇಲ್ಲಿ ರಾತ್ರಿ ಹನ್ನೊಂದಕ್ಕೆ ಶುರುವಾದ ಕೆಲಸ ಬೆಳಗಾಗುವುದರೊಳಗೆ ಮುಗಿಯುತ್ತದೆ. ಸಿಕ್ಕರು ಅಥವಾ ಸಿಗಲಿಲ್ಲ. ನಡುವೆ ಏನೂ ಇಲ್ಲ. ತಂಡದಲ್ಲಿ ಹಾಲಿನವನಿದ್ದಾನೆ, ಬ್ಯಾಂಕ್ ಮ್ಯಾನೇಜರ್ ಇದ್ದಾರೆ, ರಿಕ್ಷಾ ಓಡಿಸುವವನಿದ್ದಾನೆ. ಹಗ್ಗದ ಮೇಲೆ ಯಾರು ಯಾರಿಗೂ ಸಾಹೇಬರಲ್ಲ. ದಕ್ಷಿಣದಿಂದ ಬಂದ ನಾನು ಎಲ್ಲರಿಗೂ 'ಅಣ್ಣಾ'. ಮುಂಜಾನೆ ಇಳಿದು ಬಂದಾಗ ಹಳ್ಳಿಯ ಮಾವಶಿಯೊಬ್ಬಳು ಪಿಠಲ, ಭಾಕರಿ ಇಡುತ್ತಾಳೆ. ನಮ್ಮ ಕಡೆಯ ಜುಣಕ, ರೊಟ್ಟಿಯೇ, ಹೆಸರು ಮಾತ್ರ ಬೇರೆ. ಮೈಯೆಲ್ಲ ಕೆಸರು, ಕೈಯಲ್ಲಿ ಬಿಸಿ ರೊಟ್ಟಿ, ಎದುರಿಗೆ ಬದುಕಿ ಬಂದ ಹುಡುಗ ಅವರವ್ವನ ಜೊತೆ ಫೋನಿನಲ್ಲಿ ಅಳುತ್ತಿರುತ್ತಾನೆ. ಆ ಸುಖವನ್ನು ಮನೆಯಲ್ಲಿ ಕುಳಿತವರಿಗೆ ವಿವರಿಸಲು ನನಗೆ ಬಂದಿಲ್ಲ. ಬಹುಶಃ ತಪ್ಪೂ ಅಲ್ಲಿಂದಲೇ ಶುರುವಾಯಿತು.

ಬದುಕಿ ಬಂದವರು ಮುಂದೆ ನಮ್ಮ ಸ್ನೇಹಿತರಾಗುತ್ತಾರೆ ಎಂದುಕೊಂಡರೆ ಅದು ಸುಳ್ಳು. ರಾತ್ರಿಯಿಡೀ ನಾನು ತೊಡೆಯ ಮೇಲೆ ತಲೆ ಇಟ್ಟುಕೊಂಡು ಕುಳಿತಿದ್ದ ಹುಡುಗನೊಬ್ಬ ಎರಡು ವರ್ಷದ ಮೇಲೆ ಮಾಲ್‌ನಲ್ಲಿ ಸಿಕ್ಕ. ಗುರುತು ಹಿಡಿದ, ಮುಖ ತಿರುಗಿಸಿ ಎಸ್ಕಲೇಟರ್ ಹತ್ತಿದ. ಜೊತೆಗೆ ಒಬ್ಬಳು ಹುಡುಗಿ ಇದ್ದಳು. ನನಗೆ ಬೇಸರವಾಗಲಿಲ್ಲ. ತನ್ನ ಬದುಕಿನ ಅತಿ ದುರ್ಬಲ ರಾತ್ರಿಯನ್ನು ನೋಡಿದವನ ಜೊತೆ ಯಾರು ತಾನೇ ಕಾಫಿ ಕುಡಿಯುತ್ತಾರೆ? ರೀಲ್ಸ್ ಮಾಡಲು ಹೋಗಿ ಸಿಕ್ಕಿಬಿದ್ದವರನ್ನು ಜನ ಬೈಯುವಾಗಲೂ ನಾನು ಸುಮ್ಮನಿರುತ್ತೇನೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಗೋಕಾಕ ಜಲಪಾತದ ಅಂಚಿನ ಬಂಡೆಗೆ ಹೋಗಿ, ಕಾಲು ಇಳಿಬಿಟ್ಟು ಕುಳಿತು ಫೋಟೊ ತೆಗೆಸಿಕೊಂಡವನು ನಾನೂ ಹೌದು. ಆ ಫೋಟೊ ಇನ್ನೂ ಊರ ಮನೆಯಲ್ಲಿದೆ.

ಈ ಕೆಲಸದಲ್ಲಿ ಜೀವ ಉಳಿಸುವುದು ಒಂದು ಪಾಲು. ಇನ್ನೊಂದು ಪಾಲು ಶವ ತರುವುದು. ಸೇರುವಾಗ ಇದನ್ನು ಯಾರೂ ನಮಗೆ ಬಿಡಿಸಿ ಹೇಳಿರಲಿಲ್ಲ.

2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. ಇರ್ಶಾಳಗಡದ ಬುಡದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದ ಆದಿವಾಸಿಗಳ ವಾಡಿ ಅದು. ರಸ್ತೆ ಇಲ್ಲ. ಜೆಸಿಬಿ ಹೋಗುವಂತಿಲ್ಲ, ಆ ಹವೆಯಲ್ಲಿ ಹೆಲಿಕಾಪ್ಟರ್ ಹಾರುವಂತಿಲ್ಲ. ಎನ್‌ಡಿಆರ್‌ಎಫ್ ಇರಲಿ, ಸ್ವಯಂಸೇವಕರಿರಲಿ, ಎಲ್ಲರೂ ನಡೆದೇ ಹತ್ತಬೇಕು, ಗುದ್ದಲಿ ಸಲಿಕೆಯಿಂದಲೇ ಅಗೆಯಬೇಕು. ಹತ್ತುವಾಗಲೇ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ನಾನು ಶುಕ್ರವಾರ ರಜೆ ಹಾಕಿ ಹೋದೆ. ಚಾರಣಿಗರಾಗಿ ನಮಗೆ ಪರಿಚಿತ ದಾರಿ ಅದು, ಹಿಂದೊಮ್ಮೆ ಅದೇ ವಾಡಿಯಲ್ಲಿ ಮಜ್ಜಿಗೆ ಕುಡಿದಿದ್ದೆ. ಆ ಮನೆ ಎಲ್ಲಿತ್ತು ಎಂದು ನಿಂತು ನೋಡಿದೆ, ಅಂದಾಜೂ ಸಿಗಲಿಲ್ಲ. ಭಾನುವಾರ ಸಂಜೆ ಶೋಧ ನಿಲ್ಲಿಸಿದರು. 27 ಶವಗಳು ಸಿಕ್ಕಿದ್ದವು. 57 ಜನ ಮಣ್ಣೊಳಗೇ ಉಳಿದರು.

ನಮ್ಮಲ್ಲಿ ಹಿರಿಯರು 2014ರ ಮಾಳೀಣ ನೋಡಿದವರು. ಪುಣೆ ಜಿಲ್ಲೆಯ ಆ ಹಳ್ಳಿ ಮಣ್ಣಲ್ಲಿ ಹೂತದ್ದು ಹೊರಗಿನವರಿಗೆ ತಿಳಿದದ್ದೇ ಸರ್ಕಾರಿ ಬಸ್ಸಿನ ಚಾಲಕ ಬಂದು, ಊರಿರಬೇಕಾದಲ್ಲಿ ಊರಿಲ್ಲದ್ದನ್ನು ನೋಡಿದಾಗ. ಅಲ್ಲಿ ಸತ್ತವರು 150ಕ್ಕೂ ಹೆಚ್ಚು. ಇರ್ಶಾಳವಾಡಿಯಿಂದ ಇಳಿಯುವಾಗ ಆ ಹಿರಿಯರಲ್ಲಿ ಒಬ್ಬರು ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು. "ಇನ್ನು ನನ್ನ ಹೆಸರು ಪಟ್ಟಿಯಿಂದ ತೆಗೀರಿ" ಎಂದು ಮರಾಠಿಯಲ್ಲಿ ಹೇಳಿದರು. ಯಾಕೆ ಎಂದು ಯಾರೂ ಕೇಳಲಿಲ್ಲ. ಈಗ ಅವರು ಹೊಸಬರಿಗೆ ಗಂಟು ಹಾಕುವುದನ್ನು ಕಲಿಸುತ್ತಾರೆ, ಬೆಟ್ಟಕ್ಕೆ ಬರುವುದಿಲ್ಲ.

ನಾನು ಮನೆಗೆ ಬಂದು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಮಣ್ಣು ಒದ್ದೆಯಾದ ವಾಸನೆ ಎಂದರೆ ಹಳ್ಳಿಯಲ್ಲಿ ಹುಟ್ಟಿದ ನನಗೆ ಪ್ರಾಣ. ಆ ವರ್ಷ ಮೊದಲ ಬಾರಿ ಮಳೆ ಬಂದಾಗ ಎದ್ದು ಕಿಟಕಿ ಮುಚ್ಚಿದೆ. ಆಗ ಐದನೆಯ ತರಗತಿಯಲ್ಲಿದ್ದ ಮಗಳು, "ಅಪ್ಪಾ, ಸಿಟ್ಟಾಗಿಯೇನು?" ಎಂದು ಕೇಳಿದಳು. ಸಿಟ್ಟಲ್ಲ ಎಂದೆ. ಮತ್ತೇನು ಎಂದು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

ನಿಜವಾಗಿ ಹೇಳಬೇಕೆಂದು ಕುಳಿತದ್ದು ಇನ್ನೊಂದು ದಿನದ ಬಗ್ಗೆ. ಹೆಸರು, ಜಾಗ ಬರೆಯುವುದಿಲ್ಲ. ಘಾಟಿನ ಕೆಳಗಿನ ಒಂದು ಜಲಪಾತದ ಕುಂಡದಲ್ಲಿ ಕಾಲೇಜು ಹುಡುಗನೊಬ್ಬ ಶನಿವಾರ ಮುಳುಗಿದ್ದ. ಎರಡು ದಿನ ತಂಡದವರು ಹುಡುಕಿದ್ದರು. ಭಾನುವಾರ ರಾತ್ರಿ ನಮ್ಮ ತಂಡದ ನಾಯಕರು ಫೋನ್ ಮಾಡಿ, "ಅಣ್ಣಾ, ನೀನು ಹಗ್ಗ ಹಿಡಿಯುವುದು ಬೇಡ, ಸುಮ್ಮನೆ ಬಾ. ಹುಡುಗನ ಅಪ್ಪ ಕರ್ನಾಟಕದವರು. ಮರಾಠಿ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಎರಡು ದಿನದಿಂದ ಶಾಲೆಯ ಕಟ್ಟೆ ಮೇಲೆ ಕುಳಿತಿದ್ದಾರೆ" ಎಂದರು.

ಸೋಮವಾರ ಬೆಳಿಗ್ಗೆ ಹೋದೆ. ವಿಜಯಪುರ ಕಡೆಯ ರೈತರು. ಬಿಳಿ ಟೋಪಿ, ಮಳೆಯಲ್ಲಿ ನೆಂದು ಒಣಗಿದ ಧೋತರ. "ಯಾವೂರ್ರಿ ಕಾಕಾ?" ಎಂದೆ. ಅವರು ತಲೆ ಎತ್ತಿದರು. "ಕನ್ನಡದೋರೇನ್ರೀ?" ಎಂದು ಕೇಳಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಮಧ್ಯಾಹ್ನದವರೆಗೆ ಬಿಡಲಿಲ್ಲ. ಮಗನ ಬಗ್ಗೆ, ಹೊಲದ ಬಗ್ಗೆ, ಅವನ ಫೀ ಕಟ್ಟಲು ಎಮ್ಮೆ ಮಾರಿದ್ದರ ಬಗ್ಗೆ ಹೇಳಿದರು. ಮತ್ತೆ ಮತ್ತೆ ಒಂದೇ ಮಾತಿಗೆ ಬರುತ್ತಿದ್ದರು. "ಈಸ ಬರ್ತಿತ್ರಿ ಅವಗ. ನಮ್ಮ ಬಾವ್ಯಾಗ ನಾನ ಕಲಿಸೀನಿ."

ಬಾವಿಯ ನೀರು ಬೇರೆ, ಜಲಪಾತದ ಬುಡದ ನೀರು ಬೇರೆ. ಮೇಲಿಂದ ಬೀಳುವ ನೀರು ಗಾಳಿಯನ್ನು ಒಳಗೆ ಒಯ್ಯುತ್ತದೆ, ಬುರುಗಿನ ನೀರು ಮನುಷ್ಯನನ್ನು ತೇಲಿಸುವುದಿಲ್ಲ. ಬುಡದಲ್ಲಿ ಸುತ್ತುವ ಸೆಳೆತ ಮತ್ತೆ ಮತ್ತೆ ಕೆಳಕ್ಕೇ ಎಳೆಯುತ್ತದೆ. ಎಂಥ ಈಜುಗಾರನೂ ಅಲ್ಲಿ ಲೆಕ್ಕಕ್ಕಿಲ್ಲ. ನಾನು ಹೊಸಬರಿಗೆ ಚಿತ್ರ ಬರೆದು ತೋರಿಸುವ ಪಾಠ ಇದು. ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ತಾನು ಕಲಿಸಿದ್ದರಲ್ಲಿ ಏನೋ ತಪ್ಪಿತ್ತೆಂದು ಆ ಮನುಷ್ಯ ಇವತ್ತಿಗೂ ಅಂದುಕೊಂಡಿರಬಹುದು.

ಮೂರು ಗಂಟೆಯ ಹೊತ್ತಿಗೆ ಕೆಳಗಿನ ಬಂಡೆಗಳ ಸಂದಿಯಲ್ಲಿ ಸಿಕ್ಕ. ಮೇಲೆ ತಂದಾಗ ಕಾಕಾ, "ಮಾರಿ ನೋಡಬಹುದೇನ್ರಿ?" ಎಂದು ನನ್ನನ್ನೇ ಕೇಳಿದರು. ಮೂರು ದಿನ ನೀರಲ್ಲಿದ್ದ ಮುಖ. "ಕೈ ನೋಡ್ರಿ ಕಾಕಾ" ಎಂದೆ. ಬಲಗೈಯಲ್ಲಿ ಊರ ಜಾತ್ರೆಯಲ್ಲಿ ಕಟ್ಟಿಸಿದ ಕೆಂಪು ದಾರ ಹಾಗೇ ಇತ್ತು. ಅವರು ದಾರವನ್ನು ಒಂದು ಬೆರಳಿನಿಂದ ಸವರಿದರು. "ಇವನ ನೋಡ್ರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಹೊಲದಾಗ ಮಣ್ಣು ಕೊಡಾಕ ಮೈಯಾದ್ರೂ ಸಿಕ್ತು. ಅವರವ್ವಗ ಏನ್ ಹೇಳ್ಲಿ ಅಂತಿದ್ದೆ" ಎಂದರು. ತಂಡದ ಪ್ರತಿಯೊಬ್ಬರ ಮುಂದೆ ನಿಂತು ಕೈಮುಗಿದರು. ಹತ್ತೊಂಬತ್ತು ವರ್ಷದ ನಮ್ಮ ಹುಡುಗ ಒಬ್ಬ ಓಡಿಹೋಗಿ ಮರದ ಹಿಂದೆ ನಿಂತ.

ಕಣಿವೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ರಾತ್ರಿ ಎಂಟರ ಸುಮಾರಿಗೆ ಘಾಟ್ ಹತ್ತಿ ಮೇಲೆ ಬಂದಾಗ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಊರಿಂದ ಹನ್ನೊಂದು ಮಿಸ್ಡ್ ಕಾಲ್, ಮನೆಯಿಂದ ಒಂಬತ್ತು. ಮಧ್ಯಾಹ್ನ ಒಂದಕ್ಕೆ ಅಪ್ಪನಿಗೆ ಎದೆನೋವು. ಅವ್ವ ಒಬ್ಬಳೇ ಇದ್ದಳು. ಓಣಿಯಲ್ಲಿ ಟಂಟಂ ಓಡಿಸುವ ಹುಡುಗನೊಬ್ಬ ಹಿಂದೆ ಹಾಸಿಗೆ ಹಾಸಿ, ಅಪ್ಪನನ್ನು ಮಲಗಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದ್ದ. ಸಹಿ ಮಾಡಲು ಮಗ ಬೇಕೆಂದಾಗ ತಾನೇ ಮಗ ಎಂದು ಸಹಿ ಹಾಕಿದ್ದ. ನಾಲ್ಕಕ್ಕೆ ಸ್ಟೆಂಟ್ ಹಾಕಿದ್ದರು. ಅಪ್ಪ ಉಳಿದಿದ್ದ.

ಮನೆಗೆ ಬಂದು ಬ್ಯಾಗ್ ತುಂಬಿಕೊಳ್ಳುವಾಗ ನನ್ನಾಕೆ ಬಾಗಿಲಿಗೆ ಒರಗಿ ನಿಂತು ಹೇಳಿದಳು: "ಯಾರದೋ ಮಗನ್ನ ಹುಡುಕಾಕ ನೀವು ಹೋಗಿದ್ರಿ. ಮಾವಾರನ್ನ ಯಾರದೋ ಮಗ ದವಾಖಾನಿಗೆ ಒಯ್ದ." ಬೈಗುಳವೋ, ಮತ್ತೇನೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಅವಳನ್ನು ಕೇಳಿದರೆ, "ನಡದದ್ದು ಹೇಳಿದೆ" ಎನ್ನುತ್ತಾಳೆ.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಅಪ್ಪ ಮೊದಲು ಕೇಳಿದ್ದು, "ಆ ಹುಡುಗ ಸಿಕ್ಕನೇನು?" ಸಿಕ್ಕ ಎಂದೆ. ಜೀವ ಇತ್ತೇ ಎಂದು ಕೇಳಲಿಲ್ಲ. ಅವ್ವ ಮಾತ್ರ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಉಳಿದ ವೆಚ್ಚಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪೆಟ್ರೋಲ್ ನಮ್ಮದು, ಬೂಟು ನಮ್ಮದು, ಒಮ್ಮೆ ಬಂಡೆಯ ಅಂಚಿಗೆ ಉಜ್ಜಿದ ಹಗ್ಗ ಮತ್ತೆ ಬಳಸುವಂತಿಲ್ಲ, ಹೊಸದಕ್ಕೆ ಚಂದಾ ಎತ್ತಬೇಕು. ನನ್ನ ಎಡ ಮಂಡಿಯ ಲಿಗಮೆಂಟ್ ಹರಿದಿದೆ. ವಿಮೆಯ ಏಜೆಂಟರಿಗೆ ಈ ಹವ್ಯಾಸದ ಬಗ್ಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟು, "ಸರ್, ಇದನ್ನು ನಾನು ಕೇಳಿಸಿಕೊಂಡಿಲ್ಲ" ಎಂದರು. ಫಾರ್ಮಿನಲ್ಲಿ ಬರೆಸಿದೆ, ಕಂತು ಏರಿತು. ರಜೆಗಳೆಲ್ಲ ಮಳೆಗಾಲದಲ್ಲೇ ಖಾಲಿಯಾಗಿ, ದೀಪಾವಳಿಗೆ ಊರಿಗೆ ಹೋಗಲು ನನ್ನ ಹತ್ತಿರ ರಜೆ ಇರುವುದಿಲ್ಲ. ಹೆಂಡತಿ, ಮಗಳು ಬಸ್ಸಿನಲ್ಲಿ ಮುಂದೆ ಹೋಗುತ್ತಾರೆ. ಇವೆಲ್ಲ ಲೆಕ್ಕ ಹಾಕಬಹುದಾದ ಖರ್ಚು. ನನ್ನಿಂದ ಹೆಚ್ಚು ಕಟ್ಟಿಸಿಕೊಂಡದ್ದು ಮೌನ. ಬೆಟ್ಟದಲ್ಲಿ ನೋಡಿದ್ದನ್ನು ಮನೆಗೆ ತರಬಾರದು ಎಂದು ಬಾಯಿ ಮುಚ್ಚಿಕೊಂಡೆ. ಮನೆಯವರಿಗೆ ಕಂಡದ್ದು, ಮುಚ್ಚಿದ ಬಾಯಿ ಮಾತ್ರ.

2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಇಡೀ ದೇಶ ಟೀವಿ ಮುಂದೆ ಕುಳಿತಿತ್ತು. ಗಂಗಾವಳಿಯ ಕೆಂಪು ನೀರಿಗೆ ಇಳಿಯುತ್ತಿದ್ದ ಈಶ್ವರ ಮಲ್ಪೆಯವರನ್ನು ನೋಡಿ ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ಎಲ್ಲರೂ ಧೈರ್ಯವನ್ನು ಹೊಗಳುತ್ತಿದ್ದರು. ನನ್ನಾಕೆ ಬಹಳ ಹೊತ್ತು ನೋಡಿ, "ಅವರ ಮನ್ಯಾಗ ಯಾರ್ಯಾರ ಅದಾರ?" ಎಂದಳು. ನಾನು ಹನ್ನೆರಡು ವರ್ಷದಲ್ಲಿ ಯಾವ ಸಹ ಸ್ವಯಂಸೇವಕನ ಬಗ್ಗೆಯೂ ಕೇಳಿಕೊಳ್ಳದ ಪ್ರಶ್ನೆ ಅದು.

ಅಪ್ಪನ ಘಟನೆಯಾದ ಮೇಲೆ ಬಿಟ್ಟುಬಿಡುತ್ತೇನೆ ಎಂದು ಹೇಳಿದ್ದೆ. ನನ್ನಾಕೆಯೇ, "ಬಿಟ್ಟು ಮನ್ಯಾಗ ಕುಂತು ಮಾರಿ ಗಂಟು ಹಾಕ್ಕೋಬ್ಯಾಡ್ರಿ" ಎಂದಳು. ಬದಲಿಗೆ ಷರತ್ತು ಹಾಕಿದಳು. ತಿಂಗಳಿಗೆ ಎರಡಕ್ಕಿಂತ ಹೆಚ್ಚಿಲ್ಲ. ನೆಟ್‌ವರ್ಕ್ ಇಲ್ಲದಲ್ಲಿಗೆ ಹೋದರೆ ಮೇಲೆ ಉಳಿದವರೊಬ್ಬರ ನಂಬರ್ ಮನೆಯಲ್ಲಿರಬೇಕು, ಊರಲ್ಲೂ ಇರಬೇಕು. ಇವೆರಡೂ ಸುಲಭ. ಮೂರನೆಯದು, ಬಂದ ಮೇಲೆ ಏನಾಯಿತೆಂದು ಹೇಳಬೇಕು. "ಎಲ್ಲಾ ಬ್ಯಾಡ. ಒಂದ ಮಾತರ ಹೇಳ್ರಿ." ಮೊದಲ ಸಲ ನನಗೆ ಅರ್ಧ ಗಂಟೆ ಬೇಕಾಯಿತು. ಹೇಳಿದ್ದು, "ಹುಡುಗಿಯ ಕೈಯಾಗ ಮೆಹಂದಿ ಇತ್ತು" ಎಂದಷ್ಟೇ. ಅವಳು ಏನೂ ಅನ್ನದೆ ಇನ್ನೊಂದು ಲೋಟ ಚಹಾ ಮಾಡಿದಳು.

ಹೋದ ಆಗಸ್ಟ್‌ನಲ್ಲಿ ಆ ತಿಂಗಳ ಎರಡೂ ಮುಗಿದ ಮೇಲೆ ಮೂರನೆಯ ಕರೆ ಬಂತು. ರಾತ್ರಿ ಒಂದೂವರೆ, ಕೋಟೆಯ ಹಿಂಬದಿಯಲ್ಲಿ ಇಬ್ಬರು, ಮಳೆ ಜೋರು. 'ಬರಲಾಗದು' ಎಂದು ಬರೆಯಲು ಬೆರಳು ಏಳಲಿಲ್ಲ. ಬರೆದೆ. ಆಮೇಲೆ ಮಲಗಿದ್ದು ಸುಳ್ಳು. ಸೋಫಾದ ಮೇಲೆ ಕುಳಿತು ಗುಂಪಿನ ಸಂದೇಶಗಳನ್ನು ನೋಡುತ್ತಿದ್ದೆ. ಎರಡೂವರೆಗೆ ತಂಡ ಹತ್ತತೊಡಗಿತು. ಮೂರೂವರೆಗೆ ಧ್ವನಿ ಕೇಳಿಸಿತು. ಆಮೇಲೆ ಒಂದು ಗಂಟೆ ಯಾವ ಸುದ್ದಿಯೂ ಇಲ್ಲ. ನಾನು ಬೆಟ್ಟದಲ್ಲಿದ್ದಾಗ ಆ ಒಂದು ಗಂಟೆ ಹೇಗೆ ಕಳೆಯುತ್ತದೆಂದು ಗೊತ್ತೇ ಆಗುವುದಿಲ್ಲ, ಕೈತುಂಬ ಕೆಲಸವಿರುತ್ತದೆ. ಇಲ್ಲಿ ಗೋಡೆ ಗಡಿಯಾರದ ಸದ್ದು. ನನ್ನಾಕೆ ಎದ್ದು ಬಂದು ಪಕ್ಕದಲ್ಲಿ ಕುಳಿತಳು. "ನಾ ಹನ್ನೆರಡು ವರ್ಷ ಹಿಂಗ ಕುಂತೀನಿ" ಎನ್ನಬಹುದಿತ್ತು. ಅನ್ನಲಿಲ್ಲ. ನಾಲ್ಕೂ ಮುಕ್ಕಾಲಿಗೆ ಸಂದೇಶ ಬಂತು: ಇಬ್ಬರೂ ಸಿಕ್ಕರು, ಒಬ್ಬನಿಗೆ ಪಾದ ಉಳುಕಿದೆ ಅಷ್ಟೆ. ಒಳಗೆ ಹೋಗಿ ಮಲಗಿದೆವು.

ಆ ಭಾನುವಾರ ತಂಡದವನೊಬ್ಬ ಕೆಸರಾದ ಹಗ್ಗವನ್ನು ನಮ್ಮ ಮನೆಗೆ ತಂದುಕೊಟ್ಟ. ತೊಳೆಯುವ, ಪರೀಕ್ಷಿಸುವ ಪಾಳಿ ನನ್ನದಿತ್ತು. ಬಕೆಟ್‌ನಲ್ಲಿ ಸೌಮ್ಯ ಸೋಪಿನ ನೀರು, ಬಿಸಿಲು ಬೀಳದ ಬಾಲ್ಕನಿಯಲ್ಲಿ ಒಣಗಿಸುವುದು, ಆಮೇಲೆ ಅಡಿ ಅಡಿಯಾಗಿ ಬೆರಳುಗಳ ನಡುವೆ ಹಾಯಿಸಿ ನೋಡುವುದು. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಎಳೆ ತುಂಡಾಗಿದ್ದರೆ ಅಲ್ಲಿ ಮೆತ್ತಗಿರುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತಾಗುತ್ತದೆ. ಮಗಳು ಬಂದು ನಾನೂ ನೋಡುತ್ತೇನೆ ಎಂದು ಇನ್ನೊಂದು ತುದಿಯಿಂದ ಶುರುಮಾಡಿದಳು. ಅವಳಿಗೀಗ ಹದಿಮೂರು. ಅರ್ಧ ಗಂಟೆಯ ಮೇಲೆ, "ಅಪ್ಪಾ, ಇಲ್ಲೆ ಮೆತ್ತಗೈತಿ" ಎಂದಳು. ನಾನು ಹಿಡಿದು ನೋಡಿದೆ. ನಿಜವಾಗಿಯೂ ಮೆತ್ತಗಿತ್ತು. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು, ಎರಡೂ ತುದಿಗಳನ್ನು ಎಳೆ ಬಿಚ್ಚದಂತೆ ಮೇಣದಬತ್ತಿಯ ಉರಿಗೆ ಹಿಡಿದು ಸುಟ್ಟೆವು. ಒಂದು ಹಗ್ಗ ಎರಡು ಹಗ್ಗವಾಯಿತು. ಅವುಗಳ ಉದ್ದವನ್ನು ತಂಡದ ರಿಜಿಸ್ಟರಿನಲ್ಲಿ ಅವಳೇ ಬರೆದಳು.